ಹಸಿದ ಕೌದಿ

ಒಂದಾನೊಂದು ಕಾಲ, ಯಾವ ಕಾಲ ಅಂತ ಮಾತ್ರ ಕೇಳಬೇಡ ಕಮಲಿ. ಈ ಅಜ್ಜಿ ಕಡೆ ಸರಿದು ಮಲಗು. ನಾಲ್ಕು ದಿನದಿಂದ ನಿಮ್ಮವ್ವನ ಹತ್ತಿರ ಯಾಕೆ ಹೋಗ್ತಿಲ್ಲ ಅಂತಾನೂ ನಾನು ಕೇಳಲ್ಲ. ಕತೆ ಕೇಳು.

ಒಂದೂರಲ್ಲಿ ಉಪ್ಪಿನ ಗಾಡಿ ಹೊಡೆಯೋ ಭರಮಪ್ಪ, ಅವನ ಹೆಂಡತಿ ನೀಲವ್ವ, ಅವರ ಮಗಳು ಸಂಕಿ ಅಂತ ಇದ್ದರಂತೆ. ನೀಲವ್ವ ಬಸುರಿಯಾದಳಂತೆ. ಆಮೇಲೆ ಹುಟ್ಟೋ ಪಾಪುಗೆ ಅಂತ ಹಳೇ ಸೀರೆ ತುಂಡೆಲ್ಲ ಕೂಡಿಸಿ ಕೌದಿ ಹೊಲಿದಳಂತೆ. ಕೌದಿಯ ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೊಂದು ರೊಟ್ಟಿ ಚೂರು ಇಡಬೇಕು, ಕೌದಿ ಹೊಟ್ಟೆ ಹಸಿದಿರಬಾರದು, ಅದು ಅವರ ಪದ್ಧತಿ. ಅಕ್ಕ ಆಗೋಳು ನೀನು, ನೀನೇ ಇಡು ಅಂತ ನೀಲವ್ವ ಚೂರನ್ನ ಮಗಳ ಕೈಗೆ ಕೊಟ್ಟಳಂತೆ. ಈ ಸಂಕಿ ಅದನ್ನ ಬಾಯಿಗೆ ಹಾಕ್ಕೊಂಡಳು. ಬಿಸಿ ಬಿಸಿ ರೊಟ್ಟಿ, ನೀನಾಗಿದ್ರೆ ಬಿಡ್ತಿದ್ಯಾ? ಅವ್ವ ನೋಡಲಿಲ್ಲ, ಮೂಲೆ ಹೊಲಿದುಬಿಟ್ಟಳಂತೆ.

ಆಮೇಲೆ ಒಂದಿನ ನೀಲವ್ವನಿಗೆ ಹೊಟ್ಟೆನೋವು ಬಂದು, ಪಾಪು ಹುಟ್ಟೋ ಮುಂಚೆಯೇ ಹೊಟ್ಟೆಯಲ್ಲೇ ಸತ್ತುಹೋಯಿತಂತೆ. ಸಂಕಿಗೆ ಯಾರೂ ಹಾಗಂತ ಹೇಳಲಿಲ್ಲ. ಪಾಪು ದೂರದ ಊರಿಗೆ ಹೋಗಿದೆ ಅಂದುಬಿಟ್ಟರು. ನೀಲವ್ವನಿಗೆ ಓಣಿ ಹೆಂಗಸರ ಮುಖ ನೋಡೋಕೂ ನಾಚಿಕೆ, ಕೋಣೆ ಸೇರಿದಳು. ಭರಮಪ್ಪ ಮನೆಯಲ್ಲಿ ತಲೆ ಎತ್ತಿ ಮಾತಾಡೋದನ್ನೇ ಬಿಟ್ಟ. ಸಂಕಿಗೋ, ಕೌದಿ ಹಸಿದಿದ್ದಕ್ಕೇ ಪಾಪು ಸಿಟ್ಟಾಗಿ ಹೋಯಿತು, ಎಲ್ಲ ನನ್ನಿಂದಲೇ ಅಂತ ಅನ್ನಿಸಿಬಿಟ್ಟಿತು. ಆ ನಾಚಿಕೆಗೆ ಅವ್ವನ ಹತ್ತಿರ ಸುಳಿಯೋದನ್ನೂ ಬಿಟ್ಟಳಂತೆ ಪಾಪ.

ಆಮೇಲೆ ಪಾಪೂನ ವಾಪಸ್ ಕರ್ಕೊಂಡು ಬರ್ತೀನಿ ಅಂತ ಲಂಗದ ಮಡಿಲಲ್ಲಿ ಒಂದು ರೊಟ್ಟಿ ಕಟ್ಕೊಂಡು ಹೊರಟಳಂತೆ. ದಾರಿಯಲ್ಲಿ ಆಕಳನ್ನ ಕೇಳಿದಳು. ಈ ದಾರೀಲಿ ಪುಟ್ಟ ಹೆಜ್ಜೆ ನಾನು ಕಾಣೆ ಅಂತು ಆಕಳು. ಆಮೇಲೆ ಬಾವಿಯನ್ನ ಕೇಳಿದಳು. ಪಾಪುವಿನ ಮುಖ ನನ್ನ ನೀರಲ್ಲಿ ಬಿದ್ದಿಲ್ಲ ಅಂತು ಬಾವಿ. ಆಮೇಲೆ ಊರಾಚೆ ಗಡಿಕಲ್ಲನ್ನ ಕೇಳಿದಳು. ಅದು ಕಲ್ಲು ನೋಡು, ಮುಚ್ಚುಮರೆ ಗೊತ್ತಿಲ್ಲ. ಊರು ಬಿಡೋರೆಲ್ಲ ನನ್ನ ದಾಟಿಯೇ ಹೋಗಬೇಕು, ಯಾವ ಪಾಪೂ ದಾಟಿಲ್ಲ, ನಿನಗೆ ದೊಡ್ಡೋರು ಸುಳ್ಳು ಹೇಳಿದಾರೆ, ಹೋಗಿ ಅವ್ವನ್ನ ಕೇಳು ಅಂತಂತೆ.

ಸಂಕಿ ಓಡಿಬಂದು ಕೋಣೆ ಬಾಗಿಲಲ್ಲೇ ನಿಂತಳು. ಕಾಲು ಒಳಗೆ ಬರವೊಲ್ಲದು. "ಅವ್ವಾ, ಕೌದಿ ರೊಟ್ಟಿ ನಾನು ತಿಂದೆ. ಅದಕ್ಕೇ ಪಾಪು ಹೋಯ್ತು" ಅಂದಳಂತೆ.

ಅಯ್ಯೋ ಹುಚ್ಚಿ, ರೊಟ್ಟಿ ತಿಂದರೆ ಪಾಪು ಸಾಯುತ್ತಾ ಅಂತ ನೀಲವ್ವ ಎದ್ದು ಕೂತಳು. ತುಂಬಿದ ಕೊಡ ಎತ್ತಿದೆ, ನಾನೇ ಪಾಪೂನ ಕಳ್ಕೊಂಡೆ ಅಂತಲ್ಲವಾ ಅವಳು ಮುಖ ಮುಚ್ಕೊಂಡು ಮಲಗಿದ್ದು. ಅದನ್ನೂ ಹೇಳಿಕೊಂಡಳು. ಹಿಂದೆ ಭರಮಪ್ಪ ಬಂದು ನಿಂತಿದ್ದ. ಬಸುರಿ ನಿನ್ನನ್ನ ಕಲ್ಲುದಾರಿ ಮೇಲೆ ಗಾಡಿಯಲ್ಲಿ ಕೂರಿಸಿಕೊಂಡು ಹೋದವನು ನಾನು, ತಪ್ಪು ನಂದು ಅಂತ ಅವನೂ ಅತ್ತನಂತೆ. ನೋಡು, ಒಂದೇ ಮನೆಯಲ್ಲಿ ಮೂರು ಜನ, ಮೂವರೂ ಒಬ್ಬರಿಗೊಬ್ಬರು ಹೇಳದೆ ಬೇಯ್ತಾ ಇದ್ದರು.

ಆಮೇಲೆ ನೀಲವ್ವ ಮಗಳನ್ನ ತೊಡೆ ಮೇಲೆ ಎಳ್ಕೊಂಡು, "ಯಾರಿಂದಲೂ ಅಲ್ಲ ಮಗಳೇ. ಸೂಲಗಿತ್ತಿ ಅವತ್ತೇ ಹೇಳಿದ್ದಳು, ನಾನೇ ನಂಬಲಿಲ್ಲ. ಆ ಪಾಪುಗೆ ಬೆಳೆಯೋಕೆ ಆಗಲಿಲ್ಲ, ಸತ್ತುಹೋಯ್ತು. ಅದು ಇನ್ನು ಬರಲ್ಲ" ಅಂದಳಂತೆ. ಮೂವರೂ ಅತ್ತರು. ಆಮೇಲೆ ಹಸಿವಾಗಿ ಸಂಕಿ ಮಡಿಲಲ್ಲಿದ್ದ ರೊಟ್ಟಿನೇ ಹಂಚಿಕೊಂಡು ತಿಂದರು. ಆ ಪುಟ್ಟ ಕೌದಿಯನ್ನೇ ಹೊದ್ದು ಮಲಗೋಕೆ ಹೋದರೆ ಆರು ಕಾಲೂ ಆಚೆ. ನೀಲವ್ವನಿಗೆ ಎಷ್ಟೋ ದಿನದ ಮೇಲೆ ನಗು ಬಂತಂತೆ. ಹಾಗೇ ಮೂವರೂ ಬಾಳಿಕೊಂಡು ಹೋದರು, ಕತೆ ಅಲ್ಲಿಗೆ ಮುಗೀತು.

ನಿದ್ದೆ ಬಂತಾ? ಯಾಕೆ, ದಿಂಬು ಒದ್ದೆಯಾಗಿದೆಯಲ್ಲ. ಏನಂದೆ? ಜೋರಾಗಿ ಹೇಳು, ನನಗೆ ಕಿವಿ ಮಂದ. ಪಾಪು ಬೇಡ ಅಂತ ಅಂದಿದ್ದೆಯಾ? ನಿಮ್ಮವ್ವನ ಹೊಟ್ಟೆಗೆ ಬಾಯಿಟ್ಟು ನೀನು ಬರಬೇಡ ಅಂದಿದ್ದೆಯಾ? ಇಷ್ಟನ್ನ ಹೊತ್ಕೊಂಡು ನಾಲ್ಕು ದಿನ ಓಡಾಡಿದೆಯಲ್ಲೇ ನನ್ನ ಕೂಸೇ. ನೀನು ಅಂದಿದ್ದಕ್ಕೆ ಸತ್ತಿದ್ದಲ್ಲ ಆ ಪಾಪು. ಏಳು, ಕಣ್ಣು ಒರೆಸ್ಕೊಬೇಡ, ಹಾಗೇ ಬಾ. ನಿಮ್ಮವ್ವ ಎದ್ದೇ ಇದಾಳೆ. ಅವಳೂ ಏನೋ ಹೊತ್ಕೊಂಡಿದಾಳೆ, ನೀನು ಮೊದಲು ಹೇಳು.