ಆವಿಗೆ ಮುಂದೆ ಕೂರಲಾರದ ಕೆಂಚಮ್ಮ

ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟಿರದ ಕಾಲದಲ್ಲಿ, ಒಂದೂರಲ್ಲಿ ದ್ಯಾವಣ್ಣ ಅಂತ ಒಬ್ಬ ಕುಂಬಾರ, ಅವನ ಹೆಂಡತಿ ಕೆಂಚಮ್ಮ ಇದ್ದರಂತೆ. ಕಾಲು ಕಂಬಳಿಯೊಳಗೆ ಎಳಕೋ ಮಗಾ, ಹ್ಞೂ ಅಂತಿರು. ಈ ಕೆಂಚಮ್ಮಂಗೆ ಹುಟ್ಟಿದಾಗಿನಿಂದ್ಲೂ ಎದೆಯೊಳಗೆ ಪುಕುಪುಕು. ನೀರಿಗೆ ಹೋದ್ರೆ, ಒಲೆ ಆರಿಸಿದ್ನೋ ಇಲ್ವೋ ಅಂತ ಅರ್ಧ ದಾರೀಲಿ ವಾಪಸ್ಸು ಬರೋಳಂತೆ.

ಒಂದ್ಸಲ ಪಕ್ಕದೂರಿನ ಮದುವೆಗೆ ಮಡಕೆ ಬೇಕು ಅಂತ ಹೇಳಿಕಳಿಸಿದ್ರಂತೆ. ದ್ಯಾವಣ್ಣ ಮಡಕೆ ಮಾಡಿ, ಸುಡಕ್ಕೆ ಆವಿಗೆ ಅನ್ನೋ ಗೂಡಿನಲ್ಲಿ ಜೋಡಿಸಿ, ಮೇಲೆ ಮಣ್ಣು ಮೆತ್ತಿ, ಬೆಂಕಿ ಕೊಟ್ಟು, ಮೂರು ದಿನ ಮುಟ್ಟಬೇಡ ಕಣೇ ಅಂದ. ಒಳಗೆ ಬೆಂದಿದೆಯೋ, ಹಸಿಯಾಗೇ ಇದೆಯೋ, ಇವಳಿಗೆ ಕೂತ್ರೆ ಕೂರಕ್ಕಾಗಲ್ಲ, ನಿಂತ್ರೆ ನಿಲ್ಲಕ್ಕಾಗಲ್ಲ. ಎರಡನೇ ದಿನವೇ ಮಣ್ಣು ಸರಿಸಿ ಇಣುಕಿದ್ಲು ನೋಡು, ತಣ್ಣನೆ ಗಾಳಿ ನುಗ್ಗಿ ಮಡಕೆಯೆಲ್ಲ ಪಟಪಟ ಸೀಳುಬಿಟ್ವಂತೆ. ದ್ಯಾವಣ್ಣ ಬೈಯಲಿಲ್ಲ, ಸುಮ್ಮನೆ ಮತ್ತೆ ಮಣ್ಣು ತುಳಿಯಕ್ಕೆ ಹೋದನಂತೆ. ಅವಳಿಗೆ ಅದೇ ತಡೆಯಕ್ಕಾಗಲಿಲ್ಲ.

ಆಮೇಲೆ ಅವಳು ಗುಡ್ಡದ ಮೇಲಿನ ಮಂತ್ರದ ಮುದುಕಿ ಹತ್ರ ಓಡಿ, ಅವ್ವಾ, ಈ ಪುಕುಪುಕು ತೆಗೆದುಬಿಡು ಅಂತ ಕಾಲು ಹಿಡಿದ್ಲಂತೆ. ಮುದುಕಿ ನೆತ್ತಿ ಮೇಲೆ ಉಫ್ ಅಂತ ಊದಿದ್ಲು, ಹೋಯ್ತು! ಎರಡನೇ ಆವಿಗೆಗೆ ಬೆಂಕಿ ಕೊಟ್ಟು ಗಂಡ ಮಲಗಿದ್ರೆ ಇವಳು ಕಾಲು ಚಾಚಿ ಹಾಡ್ತಾ ಕೂತ್ಲಂತೆ. ಕಪ್ಪು ಮೋಡ ಬಂತು. ಬಂದ್ರೆ ಬರಲಿ ಅಂದ್ಲು. ಮಳೆ ಹುಯ್ದು ಬೆಂಕಿ ಆರಿ, ಹಸಿ ಮಡಕೆಯೆಲ್ಲ ಕರಗಿ ಮಣ್ಣಾಯ್ತಂತೆ. ಗಂಡ ತಲೆ ಮೇಲೆ ಕೈ ಹೊತ್ತು ಕೂತ್ರೂ ಇವಳಿಗೆ ಏನೂ ಅನ್ನಿಸಲಿಲ್ಲ, ಉಂಡ್ರಾ ಅಂತಾನೂ ಕೇಳಲಿಲ್ಲ. ದ್ಯಾವಣ್ಣ ಅವಳ ಮುಖಾನೇ ನೋಡಿ, ನನ್ನ ಕೆಂಚಿ ಎಲ್ಲಿಗೆ ಹೋದ್ಲು ಅಂದನಂತೆ.

ಮುದುಕಿ ಊದಿದ್ದನ್ನ ಅವಳ ಬಾಯಿಂದಲೇ ಕೇಳಿ, ಅವನೇ ಅವಳನ್ನ ಗುಡ್ಡಕ್ಕೆ ಕರ್ಕೊಂಡು ಹೋಗಿ, ಅವ್ವಾ, ಇವಳದು ಇವಳಿಗೆ ಕೊಟ್ಟುಬಿಡು ಅಂದ. ಮುದುಕಿ ನಕ್ಕು ಮತ್ತೆ ಊದಿದ್ಲು. ಇಳಿಯೋ ದಾರೀಲೇ ಶುರುವಾಯ್ತು, ಅಯ್ಯೋ, ಬೆಳಿಗ್ಗೆಯಿಂದ ನೀವೇನೂ ಉಂಡಿಲ್ವಲ್ರೀ!

ಮೂರನೇ ಆವಿಗೆ ಹಾಕಿದಾಗ ಮದುವೆಗೆ ಐದೇ ದಿನ. ಅಂಗೈಯಷ್ಟು ಮೋಡ ಕಂಡಿದ್ದೇ ತಡ, ಕೆಂಚಮ್ಮ ಓಡಿಹೋಗಿ ಆವಿಗೆ ಮೇಲೆ ಎತ್ತರಕ್ಕೆ ತೆಂಗಿನ ಗರಿಯ ಚಪ್ಪರ ಕಟ್ಟಿಸಿದ್ಲು. ಮಳೆ ಬಂತು, ಹೋಯ್ತು, ಬೆಂಕಿಗೆ ಏನೂ ಆಗಲಿಲ್ಲ. ಆದ್ರೆ ಎರಡನೇ ದಿನ ಮತ್ತೆ ಜೀವ ಚಡಪಡಿಸ್ತು. ರೀ, ಒಂದೇ ಒಂದು ಸಲ ಇಣುಕಿಬಿಡ್ಲಾ ಅನ್ನಿಸ್ತಿದೆ ಅಂತ ಗಂಡನ ಹತ್ರ ಬಾಯಿಬಿಟ್ಟು ಹೇಳಿದ್ಲಂತೆ.

“ಹೆದರ್ಕೋ, ಬೇಡ ಅನ್ನಲ್ಲ. ಕೈ ಮಾತ್ರ ನನ್ನ ಕೈಲಿ ಕೊಡು” ಅಂದನಂತೆ ದ್ಯಾವಣ್ಣ.

ಆಮೇಲೆ ಇಬ್ಬರೂ ಕೈ ಹಿಡ್ಕೊಂಡು ಆವಿಗೆ ಸುತ್ತ ಸುತ್ತಿದ್ದೇ ಸುತ್ತಿದ್ದು! ಮೂರು ದಿನ ತುಂಬಿದ ಮೇಲೆ ಮಡಕೆ ತೆಗೆದು ಬಡಿದ್ರೆ ಒಂದೊಂದೂ ಠಣ್, ಠಣ್.

ಮದುವೆಯವರು ಮಡಕೆ ಗಾಡಿಗೆ ಹೇರಿದ್ರು. ಎತ್ತು ಎಡವಿದ್ರೆ ಗತಿಯೇನು ಅಂತ ಕೆಂಚಮ್ಮ ಗಾಡಿ ಹಿಂದೇನೇ ಹೊರಟ್ಲಂತೆ. ತಡಿ, ನಾನೂ ಬರ್ತೀನಿ ಅಂತ ದ್ಯಾವಣ್ಣ ವಲ್ಲಿ ಹೆಗಲಿಗೆ ಹಾಕ್ಕೊಂಡ. ಇಬ್ಬರೂ ಮದುವೆ ಊಟ ಹೊಟ್ಟೆ ತುಂಬಾ ಉಂಡು, ಸುಖವಾಗಿದ್ರಂತೆ.

ಅಲ್ಲಿಗೆ ನನ್ನ ಕತೆಯೂ ಆಯ್ತು, ನಿನ್ನ ಕಣ್ಣೂ ಮುಚ್ಚಾಯ್ತು.