ಬೇಗ ನೆನೆಯುವ ಓಟ್ಸ್

“ಗುರುಗಳೇ, ಹೊಳೆಯಾಚೆಯ ಊರಿನ ಮಠಕ್ಕೆ ನನ್ನನ್ನು ಬಿಟ್ಟು ನಿಂಗಯ್ಯನನ್ನು ಏಕೆ ಕಳಿಸುತ್ತೀರಿ?” ಎಂದು ಗುರುಬಸವ ಕೇಳಿದ. ಇಬ್ಬರೂ ಅವರ ಶಿಷ್ಯರೇ. ಅಲ್ಲಿಯ ಜನಕ್ಕೆ ಗುರುಗಳ ಉಪದೇಶವನ್ನು ತಲುಪಿಸುವವನು ತಾನೇ ಎಂದು ಅವನು ಬಹಳ ಕಾಲದಿಂದ ನಂಬಿಕೊಂಡಿದ್ದ. “ನೀವು ಒಮ್ಮೆ ಹೇಳಿದರೆ ಸಾಕು, ನಾನು ಒಪ್ಪಿಕೊಳ್ಳುತ್ತೇನೆ. ನಿಂಗಯ್ಯ ಸಂಜೆಯವರೆಗೂ ತಕರಾರು ತೆಗೆದು, ಮಾರನೆಯ ದಿನ ಒಪ್ಪುತ್ತಾನೆ.”

ಗುರುಗಳು ಅದನ್ನು ಅಲ್ಲಗಳೆಯಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬೇಕರಿಯವನಿದ್ದ. ಅವನ ತಾಯಿ ಬೆಟ್ಟದ ದೇವರಿಗೆ ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದಳು. ದರ್ಶನವಾಗುವವರೆಗೆ, ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ ಎಂಬುದೂ ಆ ಹರಕೆಯಲ್ಲಿ ಸೇರಿತ್ತು. ಮುದುಕಿಯ ಹಲ್ಲುಗಳು ಅಲ್ಲಾಡುತ್ತಿದ್ದವು, ಹಟ ಮಾತ್ರ ಗಟ್ಟಿಯಾಗಿತ್ತು. ಮಗ ಅವಳಿಗೆ ಓಟ್ಸ್ ಬಿಸ್ಕತ್ತು ಮಾಡಿಕೊಡಲು ಹೊರಟ.

ಅಂಗಡಿಯಲ್ಲಿ, ಅವಲಕ್ಕಿಯಲ್ಲಿ ಇರುವಂತೆಯೇ, ಓಟ್ಸ್‌ನಲ್ಲೂ ತೆಳುವಾದದ್ದು, ದಪ್ಪನೆಯದು ಎಂದು ಎರಡು ಬಗೆ ಇದ್ದವು. ಬೇಕರಿಯವನು ಎರಡನ್ನೂ ಅಂಗೈಗೆ ಹಾಕಿಕೊಂಡು ನೀರು ಚಿಮುಕಿಸಿದ. ತೆಳುವಾದದ್ದು ಆಗಲೇ ಮೆತ್ತಗಾಯಿತು. ದಪ್ಪನೆಯದು ನೀರು ಬಿದ್ದದ್ದೇ ಗೊತ್ತಿಲ್ಲವೆಂಬಂತೆ ಹಾಗೇ ಇತ್ತು.

“ಗಂಜಿಗಾದರೆ ತೆಳುವಾದದ್ದು ಒಯ್ಯಿರಿ. ಬಿಸ್ಕತ್ತಿಗೆ ದಪ್ಪನೆಯದೇ ಸರಿ. ಸ್ವಲ್ಪ ಕಾಯಬೇಕು, ಅಷ್ಟೆ” ಎಂದ ವ್ಯಾಪಾರಿ.

“ನಮ್ಮವ್ವನ ಹಲ್ಲು ನೆಟ್ಟಗಿಲ್ಲಪ್ಪ. ಹೇಳಿದ ಮಾತು ಕೇಳುವುದನ್ನೇ ಕೊಡು” ಎಂದ ಬೇಕರಿಯವನು.

ಬಿಸ್ಕತ್ತು ನೋಡಲು ಚೆನ್ನಾಗಿಯೇ ಬಂತು. ತಾಯಿ ಒಂದನ್ನು ತಿಂದು, ಬಾಯಲ್ಲಿಟ್ಟರೆ ಕರಗುತ್ತದೆ ಎಂದಳು. ಆ ದಿನ ಮಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಟ್ಟಕ್ಕೆ ಹೊರಟು ವಾರ ಕಳೆಯುವ ಮೊದಲೇ ಜೊತೆಯ ಯಾತ್ರಿಕರು ಮುದುಕಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ವಾಪಸು ಕರೆತಂದರು. ಉಪವಾಸದಲ್ಲೇ ನಡೆದು ತಲೆಸುತ್ತಿ ಬಿದ್ದಿದ್ದಳು. ಊರೂರಿನಲ್ಲಿ ಜನ ಕೊಟ್ಟ ಊಟವನ್ನು ಅವಳು ಮುಟ್ಟಿರಲಿಲ್ಲ. ಮಗನನ್ನು ಬೈಯಲಿಲ್ಲ. “ಬಯಲಲ್ಲಿ ಮಲಗಿದ್ವಿ ಕಣಪ್ಪ, ಮಂಜು ಬಿತ್ತು. ಬೆಳಿಗ್ಗೆ ಗಂಟು ಬಿಚ್ಚಿದ್ರೆ ಎಲ್ಲಾ ಗಂಜಿ” ಎಂದಳು. ಬಳಿಕ ಬೆಟ್ಟವಿದ್ದ ದಿಕ್ಕಿಗೆ ಮುಖ ಮಾಡಿ ಅತ್ತಳು. ಮಗನೂ ಅತ್ತ.

ಮರುವರ್ಷ ಅವನು ದಪ್ಪನೆಯದನ್ನು ತಂದು ಸಂಜೆ ಹಾಲಿನಲ್ಲಿ ನೆನೆಹಾಕಿದ. ಅದು ಬೇಗ ಬಗ್ಗಲಿಲ್ಲ. ಅವನೂ ಅವಸರ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಹಾಲೆಲ್ಲ ಒಳಗಿಳಿದಿತ್ತು, ಆದರೂ ಒಂದೊಂದು ಎಸಳೂ ಬಿಡಿಬಿಡಿಯಾಗಿ ಉಳಿದಿತ್ತು. ಅದರಿಂದ ಬೇಯಿಸಿದ ಬಿಸ್ಕತ್ತು ತಾಯಿಯ ಒಸಡಿಗೂ ನೋವು ಮಾಡಲಿಲ್ಲ. ದಾರಿಯಲ್ಲಿ ಆ ವರ್ಷವೂ ಮಂಜು ಬಿತ್ತು. ಮುದುಕಿ ಬೆಟ್ಟ ಹತ್ತಿ, ದೇವರನ್ನು ಕಣ್ತುಂಬ ನೋಡಿ, ಉಳಿದ ಬಿಸ್ಕತ್ತನ್ನು ಅಲ್ಲಿಯ ಮಂಗಗಳಿಗೆ ಹಂಚಿ ಬಂದಳು.

ಕತೆ ಮುಗಿಯಿತು. ಗುರುಬಸವನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ನಿಮ್ಮ ಮಾತನ್ನು ಕೂಡಲೇ ಒಪ್ಪಿದ್ದು ನನ್ನ ತಪ್ಪೇ?” ಎಂದ.

“ನನ್ನ ಒಂದು ಮಾತಿಗೆ ಕರಗಿದವನು, ಹೊಳೆಯಾಚೆ ಇನ್ನೊಬ್ಬನ ಮಾತಿಗೆ ಕರಗದೆ ಇರುತ್ತೀಯಾ?” ಎಂದರು ಗುರುಗಳು.

ಎಂದಿನಂತೆ ಕೂಡಲೇ ಉತ್ತರ ಕೊಡಲು ಬಾಯಿ ತೆರೆದ ಗುರುಬಸವ, “ನಾಳೆ ಹೇಳುತ್ತೇನೆ, ಗುರುಗಳೇ” ಎಂದ.