ಪಾಲಮ್ಮನ ಗಾಡಿಗೆ ಓಬಳೇಶ ಬಟನ್ ಹಾಕಿಸಿದ್ದು

ಚಳ್ಳಕೆರೆ ಕಡೆ ಒಂದು ಹಟ್ಟಿ. ಆ ಹಟ್ಟೀಲಿ ಪಾಲಮ್ಮ ಅಂತ ಒಬ್ಬ ಗಟ್ಟಿಗಿತ್ತಿ. ಗಂಡ ತೀರಿಕೊಂಡಾಗ ಅವನ ಮೂರು ಚಕ್ರದ ಲಗೇಜ್ ಆಟೋನ ಮಾರಿಬಿಡು ಅಂತ ಎಲ್ಲರೂ ಹೇಳಿದರು. ಪಾಲಮ್ಮ ಮಾರಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ಓಡಿಸೋದು ಕಲಿತಳು. ಕುಂಬಾರ ತಿಪ್ಪೇಶಿ ಮಾಡೋ ಮಡಕೆ, ಹೂಜಿ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರೋಳು. ಯಾವ ಗುಂಡಿ, ಯಾವ ದಿಬ್ಬಕ್ಕೂ ಹೆದರೋಳಲ್ಲ.

ಅವಳು ಹೆದರುತ್ತಿದ್ದದ್ದು ಒಬ್ಬನಿಗೆ, ಮಗ ಓಬಳೇಶನಿಗೆ. ಆಳು ಎತ್ತಿನಂಗೆ ಇದ್ದ. ಮೈಗಳ್ಳ ಅಲ್ಲ, ಕುಡುಕ ಅಲ್ಲ, ಎದುರು ಮಾತಾಡೋನಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಬಂದಿದ್ದ ಕಷ್ಟ. "ಬಾಗಿಲು ನೋಡ್ಕೋ" ಅಂತ ಹೇಳಿ ಸಂತೆಗೆ ಹೋದರೆ, ಸಂಜೆವರೆಗೂ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡೋನು. ಹಿತ್ತಲಲ್ಲಿ ದನ ನುಗ್ಗಿ ಸೊಪ್ಪೆಲ್ಲ ಮೇಯ್ದು ಹೋದರೂ ತಿರುಗಿ ನೋಡೋನಲ್ಲ.

"ಇವನಿಗೆ ಹೇಳಿದರೂ ಕಷ್ಟ, ಹೇಳದೆ ಇದ್ದರೂ ಕಷ್ಟ," ಅಂತ ಪಾಲಮ್ಮ ತನ್ನ ತಾಯಿ ಬೋರಜ್ಜಿ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಳ್ಳೋಳು.

ಹೀಗಿರೋವಾಗ ಗಾಡಿ ಎಫ್‌ಸಿಗೆ ಬಂತು, ಅಂದರೆ ರಸ್ತೆಗೆ ಇಳಿಸೋಕೆ ಯೋಗ್ಯ ಅಂತ ಬ್ರೇಕ್ ಇನ್ಸ್‌ಪೆಕ್ಟರ ಹತ್ತಿರ ಬರೆಸಿಕೊಳ್ಳೋ ಹೊತ್ತು. ಆಗಿನ್ನೂ ಬಿಸಿಲು ಏರುತ್ತಿದ್ದ ಕಾಲ. ಜನ ಮಡಕೆ ಕೇಳೋದೇ ಆಗ. ಪಾಲಮ್ಮ ಗಾಡಿ ತೊಳೆದು, ಅರಿಶಿನ ಕುಂಕುಮ ಇಟ್ಟು ತಗೊಂಡು ಹೋದಳು. ಬ್ರೇಕ್ ಇನ್ಸ್‌ಪೆಕ್ಟರು ಅರಿಶಿನ ಕುಂಕುಮ ನೋಡಲಿಲ್ಲ. ಬಗ್ಗಿ ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಏನಮ್ಮ, ಎರಡರಲ್ಲೂ ಒಂದು ಬಟನ್ ಉಳಿದಿಲ್ಲ. ಬೋಳು ಹಲಗೆ ಆಗಿವೆ. ಮುಂದಿನ ಚಕ್ರದ ರಿಮ್ಮು ನೋಡು, ಸೊಟ್ಟಗಾಗಿದೆ. ಇದರಲ್ಲಿ ನೀನು ಹೇಗೆ ಬದುಕಿ ಬಂದೆ? ಎಲ್ಲ ಸರಿಮಾಡಿಸ್ಕೊಂಡು ಬಾ. ಅಲ್ಲೀವರೆಗೂ ಬಾಡಿಗೆ ಗೀಡಿಗೆ ಅಂತ ಗಾಡಿ ತೆಗೀಬೇಡ."

ಟೈರಿನ ಮೇಲೆ ಉಬ್ಬಿಕೊಂಡಿರೋ ಕಟ್ಟುಗಳಿಗೆ ನಮ್ಮ ಕಡೆ ಬಟನ್ ಅಂತಾರೆ. ಅದು ಎಲ್ಲರಿಗೂ ಗೊತ್ತು. ಓಬಳೇಶನಿಗೆ ಗೊತ್ತಿರಲಿಲ್ಲ.

ಪಾಲಮ್ಮ ಮನೆಗೆ ಬಂದು ಹಿಂದಿನ ಟೈರೊಂದನ್ನ ಕಳಚಿ ಮಗನ ಮುಂದೆ ಹಾಕಿದಳು. "ಬಟನ್ ಇಲ್ವಂತೆ ಕಣೋ ಇದಕ್ಕೆ. ಊರೊಳಗೆ ಹೋಗಿ ಬಟನ್ ಇರೋ ಹಂಗೆ ಮಾಡಿಸ್ಕೊಂಡು ಬಾ."

ಓಬಳೇಶ ಟೈರನ್ನ ತಲೆ ಮೇಲೆ ಹೊತ್ತುಕೊಂಡು ನೆಟ್ಟಗೆ ಟೈಲರ್ ಪಾಂಡೋಜಿ ಅಂಗಡಿಗೆ ಹೋದ.

"ಬಟನ್ ಹಾಕ್ಬೇಕು ಅಣ್ಣ."

ಪಾಂಡೋಜಿ ಕನ್ನಡಕ ಮೇಲೆ ಮಾಡಿ ನೋಡಿದ. "ಅಂಗಿ ಎಲ್ಲಿ?"

"ಅಂಗಿಗಲ್ಲ, ಇದಕ್ಕೆ."

"ಇದು ಟೈರಲ್ಲವೇನೋ?"

"ಹೂಂ. ಬಟನ್ ಎಲ್ಲಾ ಬಿದ್ದೋಗಿದಾವೆ."

ಪಾಂಡೋಜಿ ನಕ್ಕ, ಬೈದ, ಕೈಮುಗಿದ. ಓಬಳೇಶ ಅಲ್ಲಾಡಲಿಲ್ಲ. "ಮಾಡಿಸ್ಕೊಂಡು ಬಾ ಅಂದಿದಾಳೆ ಅವ್ವ," ಅಂತ ಬಾಗಿಲಿಗೆ ಅಡ್ಡ ಕೂತ. ಗಿರಾಕಿಗಳು ಒಳಗೆ ಬರೋಕೆ ಆಗದೆ ವಾಪಸ್ ಹೋಗೋಕೆ ಶುರುಮಾಡಿದರು. ಕೊನೆಗೆ ಪಾಂಡೋಜಿ ಗೋಣಿ ಹೊಲಿಯೋ ದಬ್ಬಳ ತಗೊಂಡು, ಡಬ್ಬೀಲಿದ್ದ ಕೋಟಿನ ಗುಂಡಿಗಳನ್ನೆಲ್ಲ ಟೈರಿನ ಸುತ್ತ ಹೊಲಿದುಕೊಟ್ಟ.

ಪಾಲಮ್ಮ ಟೈರು ನೋಡಿ ಕಟ್ಟೆ ಮೇಲೆ ಕೂತುಬಿಟ್ಟಳು.

"ನೋಡವ್ವ, ಕಪ್ಪು ಬಣ್ಣದ್ದೇ ಹಾಕ್ಸಿದೀನಿ. ಎದ್ದು ಕಾಣ್ಬಾರ್ದು ಅಂತ."

"ಅಯ್ಯೋ ನನ್ನ ಕರ್ಮವೇ. ಟೈರಿಗೆ ಯಾರಾದರೂ ಗುಂಡಿ ಹೊಲಿಸ್ತಾರೇನೋ? ಸವೆದು ಹೋಗಿರೋದನ್ನ ದಾದಾಪೀರಣ್ಣನ ಟೈರಂಗಡೀಲಿ ಕೊಟ್ಟು, ಹೊಸದು ತಗೊಂಡು ಬರ್ಬೇಕು. ಸವೆದದ್ದು ಕೊಡು, ಹೊಸದು ತಗೋ. ತಿಳೀತಾ?"

"ತಿಳೀತು ಅವ್ವ. ಸವೆದದ್ದು ಕೊಡು, ಹೊಸದು ತಗೋ."

ಇನ್ನು ಇವನನ್ನ ನಂಬಿದರೆ ಆಗಲ್ಲ ಅಂತ ಪಾಲಮ್ಮ ತಾನೇ ದಾದಾಪೀರನಿಗೆ ಫೋನ್ ಮಾಡಿ, ಎರಡು ಹೊಸ ಟೈರು ತೆಗೆದಿಡೋಕೆ ಹೇಳಿದಳು. ಮಾರನೆ ದಿನ ಬೋರಜ್ಜಿಯನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದಿತ್ತು. ಮಂಡಿ ನೋವು ಅಂತ ಅಜ್ಜಿ ರಾತ್ರಿಯೆಲ್ಲ ನರಳುತ್ತಿತ್ತು. "ಅಜ್ಜೀನ ಆಸ್ಪತ್ರೆಗೆ ಕರ್ಕೊಂಡು ಹೋಗು, ಅಷ್ಟು ಮಾಡು ಸಾಕು," ಅಂತ ಮಗನನ್ನ ಕಳಿಸಿದಳು.

ಡಾಕ್ಟರು ಮಂಡಿ ಒತ್ತಿ ನೋಡಿ, "ಎರಡೂ ಸವೆದು ಹೋಗಿವೆ ಅಜ್ಜಿ," ಅಂದರು.

ಓಬಳೇಶನ ಕಿವಿ ನೆಟ್ಟಗಾಯ್ತು.

ಮಧ್ಯಾಹ್ನ ಪಾಲಮ್ಮ ಅಂಗಳದಲ್ಲಿ ನಿಂತು ನೋಡುತ್ತಾಳೆ, ಮಗ ಎರಡು ಹೆಗಲಿಗೂ ಹೊಸ ಟೈರು ನೇತುಹಾಕಿಕೊಂಡು ಬರುತ್ತಿದ್ದಾನೆ. ಅವಳಿಗೆ ಖುಷಿಯಾಯ್ತು. ಆಮೇಲೆ ಅವನ ಹಿಂದೆ ನೋಡಿದಳು.

"ಅಜ್ಜಿ ಎಲ್ಲೋ?"

"ಕೊಟ್ಟೆ ಅವ್ವ."

"ಕೊಟ್ಟೆ ಅಂದರೆ?"

"ದಾದಾಪೀರಣ್ಣನಿಗೆ ಕೊಟ್ಟೆ. ಎರಡೂ ಸವೆದಿದಾವೆ ಅಂದ್ರು ಡಾಕ್ಟ್ರು. ಅಜ್ಜೀನ ಅಲ್ಲಿ ಕೂರಿಸಿದೆ. ದಾದಾಪೀರಣ್ಣ ಮಾತೇ ಆಡ್ದೆ ಎರಡು ಹೊಸದು ಕೊಟ್ಟ."

ಪಾಲಮ್ಮ ಚಪ್ಪಲಿ ಹುಡುಕುತ್ತಿರೋವಾಗಲೇ ದಾದಾಪೀರನ ಆಟೋ ಬಂತು. ಒಳಗೆ ಟೈರು ಕೂರಿಸೋ ಹಾರೆ, ಸುತ್ತಿಗೆ, ಅವುಗಳ ನಡುವೆ ಬೋರಜ್ಜಿ.

"ಏನಕ್ಕ," ಅಂದ ದಾದಾಪೀರ, "ಅಜ್ಜಿ ಸುಸ್ತಾಗಿ ಕೂತಿದಾರೆ ಅಂದ್ಕೊಂಡೆ ನಾನು. ಎಷ್ಟು ಹೊತ್ತಾದರೂ ಏಳಲಿಲ್ಲ. ಕೇಳಿದರೆ, ನನ್ನನ್ನ ನಿನಗೆ ಕೊಟ್ಟು ಹೋಗಿದಾನಪ್ಪ ಅಂತಾರೆ."

ಬೋರಜ್ಜಿಗೆ ಸಿಟ್ಟೇನೂ ಬಂದಿರಲಿಲ್ಲ. "ಟೈರಿನ ಮೇಲೆ ಕೂತರೆ ಮೆತ್ತಗಿರುತ್ತೆ ಕಣೆ ಪಾಲಿ. ಕೇಳದೇನೇ ಚಾ ತರಿಸಿಕೊಟ್ಟ. ಇನ್ನೊಂದೆರಡು ದಿನ ಬಿಟ್ಟಿದ್ದರೂ ಇರ್ತಿದ್ದೆ," ಅಂತು.

ದಾದಾಪೀರ ನಕ್ಕೊಂಡೇ ಹಿಂದಿನ ಎರಡೂ ಟೈರು ಕೂರಿಸಿದ. ಮುಂದಿನ ಚಕ್ರ ಬಿಚ್ಚಿ, "ಈ ರಿಮ್ಮು ನನ್ನ ಕೈಲಿ ಆಗಲ್ಲ, ಗ್ಯಾರೇಜಲ್ಲಿ ಬೆಂಡ್ ತೆಗೆಸ್ಬೇಕು," ಅಂತ ಅದನ್ನ ತಾನೇ ತಗೊಂಡು ಹೋಗಿ ಗ್ಯಾರೇಜಿಗೆ ಹಾಕಿದ.

ಅವನು ಹೋದ ಮೇಲೆ ಪಾಲಮ್ಮ ಮಗನನ್ನ ಹಿಡಿದಳು. "ವಯಸ್ಸಾದೋರನ್ನ ಹಂಗೆ ಬಿಟ್ಟು ಬರ್ತಾರೇನೋ? ಕೈ ಹಿಡ್ಕೊಂಡು ನಿಧಾನಕ್ಕೆ ಕರ್ಕೊಂಡು ಬರ್ಬೇಕು. ನೆರಳು ಸಿಕ್ಕಿದ ಕಡೆ ಕೂರಿಸ್ಬೇಕು. ನೀರು ಕುಡಿಸ್ಬೇಕು. ಬಸ್ಸಲ್ಲಿ ಸೀಟು ಹಿಡಿದು ಕೊಡ್ಬೇಕು. ತಿಳೀತಾ?"

"ತಿಳೀತು ಅವ್ವ."

ಮಾರನೆ ದಿನ ಅವನನ್ನ ಕಳಿಸಿದ್ದು ಗ್ಯಾರೇಜಿಂದ ಚಕ್ರ ತರೋಕೆ. ಆ ಚಕ್ರ ಬಂದುಬಿಟ್ಟರೆ ಅವತ್ತೇ ಸಂಜೆಯೊಳಗೆ ಗಾಡಿ ತೋರಿಸಿಬಿಡಬಹುದು, ಮರುದಿನದ ಸಂತೆ ಸಿಗುತ್ತೆ ಅಂತ ಪಾಲಮ್ಮನ ಲೆಕ್ಕಾಚಾರ. ಬೆಳಗ್ಗೆ ಹೋದೋನು ಮಧ್ಯಾಹ್ನ ಆದರೂ ಬರಲಿಲ್ಲ, ಇಳಿಹೊತ್ತಾದರೂ ಬರಲಿಲ್ಲ.

ಬರೋದಾದರೂ ಹೇಗೆ? ಗ್ಯಾರೇಜಿನೋರು ಚಕ್ರ ಕೊಟ್ಟರು. ಓಬಳೇಶ ಅದರ ಅಂಚು ಹಿಡಿದುಕೊಂಡು ಅಡಿ ಅಡಿಯಾಗಿ ನಡೆಸಿಕೊಂಡು ಹೊರಟ. ಹುಣಸೆಮರ ಕಂಡಲ್ಲಿ ನೆರಳಿಗೆ ಕೂರಿಸಿದ. ಹೋಟೆಲ್ ಕಂಡಲ್ಲಿ ನಲ್ಲೀಲಿ ನೀರು ಹಿಡಿದು ಕುಡಿಸಿದ. ಬಸ್ಸು ಹತ್ತಿ ಕಿಟಕಿ ಪಕ್ಕ ಅದನ್ನ ಕೂರಿಸಿ, ತಾನು ಪಕ್ಕದಲ್ಲಿ ನಿಂತ.

ಕಂಡಕ್ಟರು ಬಂದು, "ಏಯ್, ಚಕ್ರ ಕೆಳಗಿಡಯ್ಯ, ಹೆಂಗಸರು ನಿಂತಿದಾರೆ," ಅಂದ.

"ಪಾಪ, ಸೊಂಟ ಸೊಟ್ಟಗಾಗಿತ್ತು ಅಣ್ಣ. ಇವತ್ತು ತಾನೇ ನೆಟ್ಟಗೆ ಮಾಡಿದಾರೆ. ಕೂತ್ಕೊಳ್ಲಿ."

ಮುಂದಿನ ಸ್ಟಾಪಲ್ಲಿ ಚಕ್ರವನ್ನೂ ಇವನನ್ನೂ ಒಟ್ಟಿಗೆ ಇಳಿಸಿದರು. ಅಲ್ಲಿಂದ ಮತ್ತೆ ಕೈಹಿಡಿದು ನಡಿಗೆ, ಮತ್ತೆ ನೆರಳು, ಮತ್ತೆ ನೀರು. ಮನೆ ಮುಟ್ಟೋ ಹೊತ್ತಿಗೆ ದೀಪ ಹಚ್ಚಿದ್ದರು. ಸಂತೆ ತಪ್ಪಿತು.

ಪಾಲಮ್ಮನಿಗೆ ರೇಗಿಹೋಯ್ತು. "ಚಕ್ರ ಏನು ನಿಮ್ಮಜ್ಜೀನೇನೋ? ದುಂಡಗಿರೋದನ್ನ ದೇವರು ಯಾಕೆ ದುಂಡಗೆ ಮಾಡಿದಾನೆ? ಉರುಳಿಸೋಕೆ. ಬಿಟ್ಟರೆ ತಾನಾಗೇ ಓಡುತ್ತೆ. ದುಂಡಗಿರೋದು ಏನೇ ಇರ್ಲಿ, ಉರುಳಿಸ್ಕೊಂಡು ಬಾ."

"ಏನೇ ಇದ್ರೂನಾ ಅವ್ವ?"

"ಏನೇ ಇದ್ರೂ," ಅಂದುಬಿಟ್ಟಳು ಪಾಲಮ್ಮ. ಸಿಟ್ಟಲ್ಲಿದ್ದೋಳು ಇನ್ನೇನು ಅಂತಾಳೆ.

ಕುಂಬಾರ ತಿಪ್ಪೇಶಿ ಮನೆ ದಿಬ್ಬದ ಮೇಲೆ, ಪಾಲಮ್ಮನ ಮನೆ ದಿಬ್ಬದ ಕೆಳಗೆ. ಬೆಳಗ್ಗೆ ಅವಳು ಗಾಡಿಗೆ ಮುಂದಿನ ಚಕ್ರ ಹಾಕುತ್ತಾ, "ತಿಪ್ಪೇಶಿ ಮಾವನ ಮನೆಯಿಂದ ಮಡಕೆ ತಂದು ಅಂಗಳದಲ್ಲಿ ಜೋಡ್ಸು," ಅಂದಳು. ಹೇಳಿದ ಮೇಲೆ ಹೊಳೆಯಿತು. ನಟ್ಟು, ಅದನ್ನ ಬಿಗಿಯೋ ಪಾನ ಅಲ್ಲೇ ಬಿಸಾಕಿ ಓಡಿದಳು. ಅಷ್ಟರಲ್ಲಿ ಮೊದಲನೇ ಮಡಕೆ ಅವಳ ಪಕ್ಕದಲ್ಲೇ ಉರುಳಿಕೊಂಡು ಹೋಯ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸಾಲು ಸಾಲು. ದಿಬ್ಬದ ಮೇಲೆ ಓಬಳೇಶ ಬಗ್ಗಿ ಬಗ್ಗಿ ಒಂದೊಂದನ್ನೇ ಬಿಡುತ್ತಿದ್ದ. ಕೆಳಗೆ ಕಲ್ಲಿನ ಕಟ್ಟೆಗೆ ಬಡಿದು ಎಲ್ಲಾ ಬೋಕಿ ಬೋಕಿ ಆದವು.

ಈ ಸಲ ಪಾಲಮ್ಮ ಬೈಯಲಿಲ್ಲ. ಬೋಕಿಗಳ ಮಧ್ಯೆ ಕೂತು ಮಂಡಿ ಮೇಲೆ ತಲೆಯಿಟ್ಟಳು. ಓಬಳೇಶ ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅವ್ವ."

ಅವಳ ಸೆರಗು ಹಿಡಿದು ಜಗ್ಗಿದ.

"ಅವ್ವ, ಬೈಯವ್ವ. ನೀನು ಬೈದ್ರೆ ತಾನೇ ನನಗೆ ಗೊತ್ತಾಗೋದು, ಹೆಂಗೆ ಮಾಡ್ಬೇಕಿತ್ತು ಅಂತ."

ಪಾಲಮ್ಮ ಮಗನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಮೂಗು ಸೊರ ಸೊರ ಅನ್ನಿಸುತ್ತಾ ಕಾಯುತ್ತಿದ್ದ. ಅವಳಿಗೆ ಅಳೋಕೂ ಆಗಲಿಲ್ಲ, ನಗೋಕೂ ಆಗಲಿಲ್ಲ. ಎದ್ದು ಸೆರಗಲ್ಲಿ ಮೊದಲು ಅವನ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು. ತಿಪ್ಪೇಶಿ ಒಳ್ಳೇ ಮನುಷ್ಯ, ಸುಡೋಕೆ ಇಟ್ಟ ಆವಿಗೆಯಲ್ಲಿ ಉಳಿದಿದ್ದ ಮಡಕೆಗಳನ್ನ ತೆಗೆದುಕೊಟ್ಟ. ಪಾಲಮ್ಮ ಮಗನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ತಾನೇ ಮಾಡಿ ತೋರಿಸಿದಳು.

"ನೋಡು ಮಗ. ಒಡೆದು ಹೋಗೋದು ಯಾವುದಾದರೂ ಇದ್ರೆ, ಅಡಿಗೆ ಹುಲ್ಲು ಹಾಕು. ಸುತ್ತ ಹುಲ್ಲು ತುರುಕು. ಮೇಲೆ ಗೋಣಿ ಮುಚ್ಚು. ಹಗ್ಗದಲ್ಲಿ ಬಿಗಿಯಾಗಿ ಕಟ್ಟು, ಒಂಚೂರೂ ಅಲ್ಲಾಡ್ಬಾರ್ದು. ಅದು ಕಿರ್ರ್ ಅಂದ್ರೂ ಬಿಡ್ಬೇಡ, ಇನ್ನೊಂದು ಸುತ್ತು ಬಿಗಿ."

"ಕಿರ್ರ್ ಅಂದ್ರೂ ಬಿಡಲ್ಲ ಅವ್ವ."

ಚೆನ್ನಾಗಿ ಕಲಿತ. ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಅವ್ವ ಸೈ ಅನ್ನೋವರೆಗೂ ಕಲಿತ. ಪಾಲಮ್ಮನಿಗೆ ಜೀವ ಬಂದಂಗಾಯ್ತು. ಮುಂದಿನ ಚಕ್ರ ಬಿಗಿದು ಮುಗಿಸಿ, ಪಾನ ಸೀಟಿನ ಕೆಳಗಿಟ್ಟು, ಉಳಿದ ಹುಲ್ಲು, ಗೋಣಿ, ಹಗ್ಗ ಗಾಡಿಯಲ್ಲೇ ಇರಲಿ ಅಂತ ಹಿಂದೆ ಹಾಕಿಕೊಂಡು, ಮಗನನ್ನೂ ಕೂರಿಸಿಕೊಂಡು, ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸೋಕೆ ಹೊರಟಳು.

ಮೈದಾನದ ತುಂಬಾ ಲಾರಿ, ಟ್ರ್ಯಾಕ್ಟರು, ಆಟೋ. ಎಲ್ಲಾ ಇಂಜಿನ್ನೂ ಗುಡುಗುಡು ಅಂತಿದ್ದವು. ಇನ್ಸ್‌ಪೆಕ್ಟರು ಬಗ್ಗಿ ಹಿಂದಿನ ಟೈರು ಸವರಿದರು, ಮುಂದಿನ ರಿಮ್ಮು ತಿರುಗಿಸಿ ನೋಡಿದರು. "ಚೆನ್ನಾಗಿ ಮಾಡ್ಸಿದೀಯಮ್ಮ. ಇನ್ನು ಬ್ರೇಕ್ ಒಂದು ನೋಡ್ಬಿಡೋಣ. ನಾನು ಹಿಂದೆ ಕೂತ್ಕೋತೀನಿ, ನೀನು ಓಡಿಸು."

ಮುಂದಿನ ಲಾರಿ ದಾರಿ ಬಿಡಲಿ ಅಂತ ಹೇಳೋಕೆ ಪಾಲಮ್ಮ ಆ ಕಡೆ ಹೋದಳು. ಇನ್ಸ್‌ಪೆಕ್ಟರು ಹಿಂದೆ ಹತ್ತಿ ಕೂತು, ಟೋಪಿ ತೆಗೆದು, ಹಣೆ ಒತ್ತಿಕೊಂಡರು.

"ಬೆಳಗ್ಗಿಂದ ಬಿಸಿಲಲ್ಲಿ ನಿಂತು ತಲೆ ಒಡೆದು ಹೋಗ್ತಾ ಇದೆ ಕಣಯ್ಯ," ಅಂದರು ಓಬಳೇಶನಿಗೆ.

"ಒಡೆದು ಹೋಗ್ತಾ ಇದೆಯಾ ಸಾಹೇಬ್ರೆ?"

"ಹೂಂ ಕಣಪ್ಪ. ಇನ್ನೇನು ಎರಡು ಹೋಳು."

ಪಾಲಮ್ಮ ವಾಪಸ್ ಬಂದು ಮುಂದೆ ಹತ್ತಿದಳು. ಅವಳ ಸೀಟಿಂದ ಹಿಂದಿನದು ಕಾಣಲ್ಲ.

"ಸಾಹೇಬ್ರು ಸರಿಯಾಗಿ ಕೂತ್ರೇನೋ?"

"ಕೂತ್ರು ಅವ್ವ. ಒಂಚೂರೂ ಅಲ್ಲಾಡಲ್ಲ."

ಪಾಲಮ್ಮ ಗಾಡಿ ಬಿಟ್ಟಳು. ಮೈದಾನದ ಆ ತುದಿವರೆಗೂ ಜೋರಾಗಿ ಓಡಿಸಿ, ಸುಣ್ಣದ ಗೆರೆ ಹತ್ತಿರ ಗಪ್ಪಂತ ಬ್ರೇಕ್ ಹಾಕಿದಳು. ಟೈರು ನೆಲ ಕಚ್ಚಿ ಹಿಡಿದವು. ಗಾಡಿ ಗೆರೆ ಮೇಲೆ ನಿಂತಿತು. ಅವಳು ಹೆಮ್ಮೆಯಿಂದ ಇಳಿದು ಹಿಂದೆ ಹೋಗಿ ನೋಡಿದಳು.

ಹಿಂದೆ ಇನ್ಸ್‌ಪೆಕ್ಟರು ಇರಲಿಲ್ಲ. ಒಂದು ದೊಡ್ಡ ಗೋಣಿ ಮೂಟೆ ಇತ್ತು. ಸುತ್ತ ಹಗ್ಗ, ಸಂದಿಯಿಂದ ಹುಲ್ಲು, ಕೆಳಗಡೆಯಿಂದ ಎರಡು ಬೂಟು.

"ಕಿರ್ರ್ ಅಂದ್ರು ಅವ್ವ," ಅಂದ ಓಬಳೇಶ. "ನಾನು ಬಿಡಲಿಲ್ಲ. ಇನ್ನೊಂದು ಸುತ್ತು ಬಿಗಿದೆ. ನೋಡು, ಎಲ್ಲೂ ಒಡೆದಿಲ್ಲ."

ಮೂಟೆಯೊಳಗಿಂದ ಸಣ್ಣ ದನಿ ಬಂತು. "ಅಮ್ಮಾ, ಬ್ರೇಕು ಪಾಸು. ಟೈರೂ ಪಾಸು. ಎಲ್ಲಾ ಪಾಸು. ಮೊದಲು ಬಿಚ್ಚಿಸು."

ಪಾಲಮ್ಮ ಗಾಡಿ ಮೇಲೆ ಹತ್ತಿ, ಗಂಟಿಗೆ ಹಲ್ಲು ಹಾಕುತ್ತಾ ಮಗನ ಕಡೆ ಕೂಗಿದಳು. "ನಿಂತು ನೋಡ್ತೀಯೇನೋ, ಬಿಚ್ಚೋ, ಬೇಗ ಬಿಚ್ಚು."

ಹಗ್ಗ ಬಿಡ್ಬೇಡ ಅಂತ ಅವ್ವ ಮೊದಲೇ ಹೇಳಿದ್ದಳಲ್ಲ, ಓಬಳೇಶ ಸೀಟಿನ ಕೆಳಗಿದ್ದ ಪಾನ ತಗೊಂಡ. ಹಿಂದಿನ ಚಕ್ರದ ನಟ್ಟುಗಳನ್ನೆಲ್ಲ ಸರಸರ ತಿರುಗಿಸಿದ. ಎತ್ತಿನಂಥ ಆಳು, ಜಾಕ್ ಗೀಕ್ ಅವನಿಗೆ ಯಾಕೆ ಬೇಕು. ಗಾಡಿಗೆ ಹೆಗಲು ಕೊಟ್ಟು ಎತ್ತಿ, ಚಕ್ರ ಎಳೆದು, ಗಾಡಿ ಕೆಳಗೆ ಬಿಟ್ಟ. ಪಾಲಮ್ಮನೂ ಮೂಟೆಯೂ ಒಂದರ ಮೇಲೊಂದು ಬಿದ್ದು ಗಾಡಿಯ ಮೂಲೆಗೆ ಜಾರಿಕೊಂಡರು.

ಅವನು ಬೆವರು ಒರೆಸಿಕೊಂಡು, ಚಕ್ರ ಹಿಡಿದು ನಿಂತು ಕೇಳಿದ. "ಒಂದು ಬಿಚ್ಚಿದೆ ಅವ್ವ. ಇನ್ನೆರಡೂ ಬಿಚ್ಲಾ?"